ಮೊದಲ ಸೊಲ್ಲು ಎತ್ತುವವರು

ಚಿಕ್ಕಬಳ್ಳಾಪುರದ ಗಂಟಲಿನ ಡಾಕ್ಟರು ನನ್ನ ಮೂಗಿನೊಳಗಿಂದ ಸಣ್ಣ ಕೊಳವೆ ಇಳಿಸಿ, ಪರದೆಯ ಮೇಲೆ ನನ್ನದೇ ಗಂಟಲನ್ನು ನನಗೆ ತೋರಿಸಿದರು. ಎರಡೂ ಕಡೆ ಸಾಸಿವೆ ಕಾಳಿನಷ್ಟು ಗಂಟು. "ಇನ್ನು ಹಾಡೋದು ಬಿಟ್ಬಿಡಿ ಮೇಡಂ. ಜೋರಾಗಿ ಮಾತಾಡೋದೂ ಬೇಡ. ಆರು ತಿಂಗಳಾದ್ಮೇಲೆ ಇನ್ನೊಂದ್ಸಲ ನೋಡಣ" ಎಂದರು. ಭಯವಾಗಬೇಕಿತ್ತು, ಆಗಲಿಲ್ಲ. ಸುಸ್ತಾಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ಪಾಠ ಹೇಳಿದ್ದೆ. ನಿವೃತ್ತಿಯಾದ ಮೇಲೆ ತೆಪ್ಪಗೆ ಮನೆಯಲ್ಲಿ ಕೂರಲಾರದೆ ಆರು ವರ್ಷದಿಂದ ಅದೇ ಊರಿನಲ್ಲಿ ಹೆಂಗಸರ ಹಾಡಿನ ಕೂಟವೊಂದನ್ನು ನಡೆಸುತ್ತಿದ್ದೆ. ಗಂಟು ಬೀಳದೆ ಇನ್ನೇನಾಗುತ್ತದೆ?

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಇನ್ಮೇಲೆ ಎರಡೂ ಕಡೆ ಶಾಂತಿ" ಎಂದರು. ಆಮೇಲೆ ಎದ್ದು ಹೋಗಿ ಬಿಸಿನೀರಿಗೆ ಉಪ್ಪು ಹಾಕಿ ತಂದುಕೊಟ್ಟರು. ಅವರ ಅಂತಃಕರಣ ಯಾವಾಗಲೂ ಹೀಗೆಯೇ, ಮೊದಲು ಮೊಟಕು, ಆಮೇಲೆ ಲೋಟ.

ನಮ್ಮ ಕೂಟಕ್ಕೆ ಹೆಸರಿಲ್ಲ. ಭಾನುವಾರ ಸಂಜೆ ನಾಲ್ಕಕ್ಕೆ ನನ್ನ ಹಳೆಯ ಶಾಲೆಯ ಹಾಲಿನಲ್ಲಿ ಹದಿನಾಲ್ಕು ಹದಿನೈದು ಜನ ಸೇರುತ್ತೇವೆ. ಜಮೀನು ಇರುವ ಮನೆಯ ಸೊಸೆಯರು, ಅಂಗನವಾಡಿಯವರು, ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಕೆಲಸ ಮಾಡುವವರು, ಬ್ಲೌಸ್ ಹೊಲಿಯುವವಳು ಒಬ್ಬಳು. ಮದುವೆಮನೆಯ ಪದಗಳು, ದೇವರ ಪದಗಳು, ಶಾಲೆಯಲ್ಲಿ ನಾನು ಮಕ್ಕಳಿಗೆ ಕಲಿಸುತ್ತಿದ್ದ ಹಾಡುಗಳು, ಎಲ್ಲವನ್ನೂ ಹಾಡುತ್ತೇವೆ. ಕೆಲವು ಕನ್ನಡ, ಕೆಲವು ತೆಲುಗು. ಒಂದೇ ಪದ ಅರ್ಧ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವುದೂ ಉಂಟು. ಅದನ್ನು ತಿದ್ದಲು ಹೋಗಿ ಮೊದಲ ವರ್ಷವೇ ಕೈಬಿಟ್ಟೆ.

ಹಾಡುವ ಕ್ರಮ ಮಾತ್ರ ಹಳೆಯದೇ. ಒಬ್ಬರು ಮೊದಲ ಸೊಲ್ಲನ್ನು ಎತ್ತಬೇಕು. ಎತ್ತುವುದು ಎಂದರೆ, ಆ ಸಾಲನ್ನು ಒಂಟಿಯಾಗಿ ಹಾಡಿ ತೋರಿಸುವುದು. ಮಿಕ್ಕವರು ಅದನ್ನೇ ಹಿಡಿದು ಒಟ್ಟಿಗೆ ಹಿಂದೆ ಬರುತ್ತಾರೆ. ಎತ್ತುವವಳ ಗಂಟಲು ಸರಿಯಿದ್ದರೆ ಪದ ಸರಿ, ಅವಳು ತಪ್ಪಿದರೆ ಹದಿನೈದು ಜನವೂ ಅದೇ ಹಳ್ಳಕ್ಕೆ ಬೀಳುತ್ತಾರೆ. ಆರು ವರ್ಷ ಪ್ರತಿ ಪದದ ಪ್ರತಿ ಸೊಲ್ಲನ್ನೂ ನಾನೇ ಎತ್ತಿದ್ದೆ. ಅದರಲ್ಲಿ ನನಗೊಂದು ಜಂಬವೂ ಇತ್ತು, ಈಗ ಮುಚ್ಚಿಡುವುದೇಕೆ.

ಕೂಟದಲ್ಲಿ ಒಬ್ಬಳಿದ್ದಳು, ನಲವತ್ತೈದರ ಆಸುಪಾಸು. ಫಿಲೇಚರಿನಲ್ಲಿ ಇಪ್ಪತ್ತು ವರ್ಷ ಬಿಸಿನೀರಿನಿಂದ ಗೂಡಿನ ಎಳೆ ತೆಗೆದು ತೆಗೆದು ಬೆರಳ ತುದಿಗಳು ಬಿಳಿಚಿ ನೆರಿಗೆಗಟ್ಟಿದ್ದವು. ಭಾನುವಾರ ಸ್ನಾನ ಮಾಡಿ ಬಂದರೂ ಬೆಂದ ಹುಳುವಿನ ವಾಸನೆ ಸೀರೆಯನ್ನು ಬಿಡುತ್ತಿರಲಿಲ್ಲ. ಅದಕ್ಕೇ ಅವಳು ಮೂಲೆಯಲ್ಲಿ ನಿಲ್ಲುತ್ತಿದ್ದಳು. ಆದರೆ ಧ್ವನಿ! ತಗ್ಗಿನಲ್ಲಿ ಗಟ್ಟಿಯಾಗಿ ಕೂತ, ಅಲುಗದ ಧ್ವನಿ. ಅವಳು ಬಾರದ ದಿನ ಇಡೀ ಕೂಟ ತೆಳ್ಳಗೆ ಕೇಳುತ್ತಿತ್ತು.

ಅವಳು ಕೂಟಕ್ಕೆ ಸೇರಿದ್ದಕ್ಕೆ ಒಂದೇ ಕಾರಣ. ಅವರ ಬೀದಿಯಲ್ಲಿ ಮದುವೆಯ ಹುಡುಗಿಗೆ ಅರಿಶಿನ ಹಚ್ಚುವಾಗ ಪದ ಎತ್ತುತ್ತಿದ್ದವಳು ಅವಳ ಅತ್ತೆ. ಮೂರು ವರ್ಷದ ಹಿಂದೆ ಆಕೆ ತೀರಿಕೊಂಡ ಮೇಲೆ ಬೀದಿಯ ಅರಿಶಿನಕ್ಕೆಲ್ಲ ಫೋನಿಗೆ ಡಬ್ಬ ಸ್ಪೀಕರ್ ಸಿಕ್ಕಿಸಿ ಸಿನಿಮಾ ಹಾಡು ಹಾಕುವುದು ಶುರುವಾಯಿತು. "ನನ್ನ ಮಗಳಿಗೆ ಡಬ್ಬ ಹಾಡಬಾರ್ದು ಟೀಚರಮ್ಮ. ಹೆಂಗಸರ ಬಾಯಿ ಹಾಡ್ಬೇಕು. ನೀವೇ ಬಂದು ಎತ್ತಿಕೊಡ್ಬೇಕು" ಎಂದು ನನ್ನ ಕೈ ಹಿಡಿದು ಕೇಳಿದ್ದಳು. ಮಗಳಿಗೆ ಚಿಂತಾಮಣಿ ಕಡೆಯ ಹುಡುಗ ಗೊತ್ತಾಗಿದ್ದ. ಬರುತ್ತೇನೆ, ಎತ್ತುತ್ತೇನೆ ಎಂದು ಮಾತು ಕೊಟ್ಟಿದ್ದೆ. ಗಂಟು ಕಾಣಿಸಿಕೊಂಡಾಗ ಮದುವೆಗೆ ಎಂಟು ತಿಂಗಳಿತ್ತು.

ಮುಂದಿನ ಭಾನುವಾರ ಪಿಸುದನಿಯಲ್ಲಿ ವಿಷಯ ಹೇಳಿದೆ. ಯಾರೋ ಕಣ್ಣೊರೆಸಿಕೊಂಡರು, ಯಾರೋ ಜ್ಯೇಷ್ಠಮಧು ಅಗಿಯಿರಿ ಎಂದರು. ಇನ್ನು ಮೇಲೆ ನಿಮ್ಮಲ್ಲೇ ಒಬ್ಬರು ಎತ್ತಬೇಕು ಎಂದಾಗ ಮಾತ್ರ ಎಲ್ಲರೂ ಪಕ್ಕದವರ ಕಡೆ ಬೆರಳು ತೋರಿಸಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಮೂಲೆಯಲ್ಲಿದ್ದ ಅವಳನ್ನು ತೋರಿಸಿ, "ನೀನೇ ಎತ್ತಬೇಕು ಕಣಮ್ಮ. ನಿನ್ನ ಮಗಳ ಅರಿಶಿನಕ್ಕೂ ನೀನೇ" ಎಂದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಮನೆಮಾತಿನಲ್ಲೇ, "ಮೀರುಂಡಗಾ ನೇನಾ ಟೀಚರಮ್ಮ?" ಎಂದಳು. ನೀವಿದ್ದು ನಾನಾ?

ನಾಚಿಕೆ ಎಂದುಕೊಂಡೆ. ಹೆದರಿಕೆ ಎಂದುಕೊಂಡೆ. ಅರ್ಧ ಆಯಸ್ಸು ಮೇಷ್ಟರ ಕೆಲಸ ಮಾಡಿದವರಿಗೆ ಇದೊಂದು ಕಾಯಿಲೆ, ಎದುರಿಗಿರುವವರಿಗೆ ಏನು ಕಡಿಮೆಯಾಗಿದೆ ಎಂಬುದು ನಮಗೆ ಮೊದಲೇ ಗೊತ್ತಿರುತ್ತದೆ. ಅವಳಿಗೆ ಧೈರ್ಯ ಕಡಿಮೆ ಎಂದು ತೀರ್ಮಾನಿಸಿ ಧೈರ್ಯ ತುಂಬಲು ಹೊರಟೆ. ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದೆ. ಕಣ್ಣು ಮುಚ್ಚಿಸಿದೆ. ಎಲ್ಲರೂ ಅವಳಿಗೆ ಬೆನ್ನು ಹಾಕಿ ಕೂರುವಂತೆ ಮಾಡಿದೆ. ಫೋನಿನಲ್ಲಿ ಶ್ರುತಿ ಹಚ್ಚಿ ಅವಳ ಕೈಗೇ ಕೊಟ್ಟೆ. ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ತಲೆಯಾಡಿಸಿ, ನಕ್ಕು, ಕೈಸನ್ನೆ ಮಾಡಿ, ಹಾಡು ತಾಯಿ ಹಾಡು ಎಂದು ಮುಖದಲ್ಲೇ ಬೇಡಿಕೊಂಡೆ. ಅವಳು ಉಸಿರು ತೆಗೆದುಕೊಳ್ಳುತ್ತಿದ್ದಳು, ನನ್ನ ಮುಖ ನೋಡುತ್ತಿದ್ದಳು, ಉಸಿರನ್ನು ಬಿಟ್ಟುಬಿಡುತ್ತಿದ್ದಳು.

"ನಾಚಿಕೆ ಯಾಕಮ್ಮ?" ಎಂದರೆ, "ನಾಚಿಕೆ ಏನಿಲ್ಲ. ನೀವು ಒಂದು ಮಾತು ಅಂದ್ಬಿಡಿ, ಹಿಂದೇನೇ ಬರ್ತೀನಿ" ಎನ್ನುತ್ತಿದ್ದಳು. ನಾನು ಕರ್ಕಶವಾಗಿ ಅರ್ಧ ಸೊಲ್ಲು ಉಸುರಿದರೆ ಸಾಕು, ಅಲ್ಲಿಂದ ಮುಂದೆ ಏನೂ ಅಡ್ಡಿಯಿಲ್ಲ. ಆ ಅರ್ಧ ಸೊಲ್ಲಿಗೆ ನನ್ನ ಗಂಟಲು ಎರಡು ದಿನ ಉರಿಯುತ್ತಿತ್ತು.

ವಾರ ವಾರವೂ ಇದೇ. ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ನಿಂತು ಹೋಗುವುದು, ಮಂಡಿ ನೋವು, ವಾಟ್ಸಾಪಿನಲ್ಲಿ "ಇವತ್ತು ಬರಕ್ಕಾಗಲ್ಲ ಮೇಡಂ, ನೆಂಟರು" ಎಂಬ ಮೆಸೇಜುಗಳು, ಹಾಲಿನ ಬೀಗದ ಕೈಗೆ ಕಾಯುವುದು, ಅವಳ ಎದುರಿಗೆ ಕೂತು ಒಂದು ಗಂಟೆ ನಗುವುದು. ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದ ಹಾಗೆ ಎಂಬ ಮಾತು ಎಷ್ಟೋ ಸಲ ನೆನಪಾಗಿದೆ. ನೀರಿಳಿಯದ ಗಂಟಲು ಅವಳದೋ ನನ್ನದೋ ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಒಂದು ಸಂಜೆ ವಾಪಸು ಬರುವಾಗ ಬಸ್ಸಿನಲ್ಲೇ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ತನ್ನ ನೀರಿನ ಬಾಟಲಿ ಕೊಟ್ಟಳು. ಮಾತಾಡಲು ಗಂಟಲಿಲ್ಲದ್ದರಿಂದ ಕಾರಣ ಹೇಳುವ ತಾಪತ್ರಯ ತಪ್ಪಿತು.

ಮದುವೆಗೆ ತಿಂಗಳೊಪ್ಪತ್ತು ಇರುವಾಗ ಗೌರಿಬಿದನೂರಿನ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ಎರಡು ಪದ ಹಾಡಿರೆಂದು ಕರೆದರು. ನನಗೆ ಇದೇ ಸರಿ ಅನ್ನಿಸಿತು. ಅಲ್ಲಿ ಎತ್ತಿಬಿಟ್ಟರೆ ಮಗಳ ಅರಿಶಿನದ ದಿನ ಅವಳಿಗೆ ಬೀದಿಯ ಹೆಂಗಸರು ಯಾವ ಲೆಕ್ಕ? ಎಲ್ಲರೂ ಒಂದೇ ಬಣ್ಣದ ಸೀರೆ ಉಟ್ಟು ಹೋದೆವು. ಅವಳಿಗೆ ಧೈರ್ಯವಿರಲಿ ಎಂದು ನಾನು ಮುಂದಿನ ಸಾಲಿನಲ್ಲಿ, ಸರಿಯಾಗಿ ಅವಳ ಕಣ್ಣಿಗೆ ಬೀಳುವ ಹಾಗೆ ಕೂತೆ.

ಪರದೆ ಸರಿಯಿತು. ಮೈಕಿನ ಮುಂದೆ ಅವಳು, ಹಿಂದೆ ಹನ್ನೆರಡು ಜನ. ಅವಳು ಉಸಿರು ತೆಗೆದುಕೊಂಡಳು. ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅವಳು ತಲೆ ತಗ್ಗಿಸಿದಳು. ಮಕ್ಕಳು ಕಿಸಕ್ಕನೆ ನಕ್ಕರು. ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹೊಡೆದರು. ಹೆಡ್‌ಮಾಸ್ಟರು ಮೈಕ್ ಕೆಟ್ಟಿದೆಯೇನೋ ಎಂದು ಬಂದು ಅದನ್ನು ತಟ್ಟಿ ನೋಡಿದರು. ಇನ್ನು ತಡೆಯಲಾರದೆ ನಾನೇ ಎದ್ದು ನಿಂತು ಕೆಳಗಿನಿಂದ ಎತ್ತಿದೆ. ಬಂದದ್ದು ಸ್ವರವಲ್ಲ, ತುಕ್ಕು ಹಿಡಿದ ಗೇಟು ತೆರೆದ ಸದ್ದು. ಅಷ್ಟು ಸಾಕಾಯಿತು. ಹದಿಮೂರು ಜನ ಒಟ್ಟಿಗೆ ಹಿಂದೆ ಬಂದರು, ಹಾಡು ಚೆನ್ನಾಗಿಯೇ ಮುಗಿಯಿತು, ಚಪ್ಪಾಳೆ ಬಿತ್ತು. ನಾನು ಕರವಸ್ತ್ರಕ್ಕೆ ಕೆಮ್ಮಿದಾಗ ಕೆಂಪು ಕಲೆ ಕಂಡಿತು. ಅವಮಾನ, ಸಿಟ್ಟು, ಮರುಕ, ಯಾವುದು ಎಷ್ಟೆಂದು ಹೇಳಲಾರೆ. ಅವಳ ಜೊತೆ ಒಂದು ಮಾತೂ ಆಡದೆ ಬಸ್ಸು ಹತ್ತಿದೆ.

ವಾಪಸು ಬರುವಾಗ ಬ್ಲೌಸ್ ಹೊಲಿಯುವವಳು ನನ್ನ ಪಕ್ಕ ಬಂದು ಕೂತಳು. ಮನೆಯಲ್ಲಿ ಉರ್ದು ಮಾತಾಡುವವಳು, ನಮ್ಮ ಪದಗಳನ್ನೆಲ್ಲ ಬಾಯಿಪಾಠ ಮಾಡಿ ಕಲಿತವಳು. ಅವಳ ಮೈದುನನದೇ ಫಿಲೇಚರು, ನಮ್ಮವಳು ಕೆಲಸ ಮಾಡುವುದು ಅಲ್ಲೇ. ಮಂಚೇನಹಳ್ಳಿ ದಾಟಿದ ಮೇಲೆ ಹೇಳಿದಳು.

"ಟೀಚರಮ್ಮ, ಬೇಜಾರು ಮಾಡ್ಕೋಬೇಡಿ. ಅವಳಿಗೆ ಧೈರ್ಯ ಇಲ್ಲ ಅಂದ್ಕೊಂಡಿದೀರಲ್ಲ, ಒಂದಿನ ನಮ್ಮ ಶೆಡ್ಡಿಗೆ ಬನ್ನಿ. ಮಿಷನ್ನಿನ ಸದ್ದಿನ ಮೇಲೆ ಅವಳೇ ಎತ್ತೋದು. ಇಪ್ಪತ್ತು ಹೆಂಗಸರು ಅವಳ ಹಿಂದೆ ಹೋಗ್ತಾರೆ. ರಸ್ತೆ ತನಕ ಕೇಳ್ಸುತ್ತೆ."

ಕೈಚೀಲವನ್ನು ತೊಡೆಗೆ ಎಳೆದುಕೊಂಡು ಅವಳೇ ಮುಂದುವರಿಸಿದಳು.

"ನೀವು ಎದುರಿಗೆ ಕೂತ್ರೆ ಹೆಂಗೆ ಎತ್ತಾಳೆ? ಪದ ಬಲ್ಲ ದೊಡ್ಡೋರು ಕೂತಿರೋವಾಗ ಚಿಕ್ಕೋರು ಎತ್ತಿದ್ರೆ, ಅವರನ್ನ ಎದ್ದೋಗಿ ಅಂದಂಗೆ. ಅವಳತ್ತೆ ಬದುಕಿರೋ ತನಕ ಬೀದೀಲಿ ಒಂದಿನಾನೂ ಎತ್ತಲಿಲ್ಲ ಅವಳು. ಮಂಚ ಹಿಡಿದು ಮಲಗಿದ್ದಾಗ ಕೂಡ. ನಮ್ಮಲ್ಲಿ ಹಂಗಿಲ್ಲಪ್ಪ, ಅದಕ್ಕೇ ನನಗೆ ಕಾಣ್ಸುತ್ತೆ. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಅದೇ ನಾಚಿಕೆಗೇಡು. ಮಂಡಿಕಲ್ ಹತ್ತಿರ ನಮ್ಮಜ್ಜಿಯ ಊರಿನಲ್ಲಿ, ನನಗೆ ಹತ್ತೋ ಹನ್ನೊಂದೋ ವರ್ಷ, ಚಿಕ್ಕಮ್ಮನ ಮದುವೆಯ ಹಸೆಯ ಮುಂದೆ ಉಮೇದಿನಲ್ಲಿ ನಾನೇ ಪದ ಎತ್ತಿಬಿಟ್ಟಿದ್ದೆ. ಅಜ್ಜಿ ಎಲ್ಲರ ಎದುರಿಗೆ ನನ್ನ ತಲೆಗೆ ಒಂದು ಕೊಟ್ಟು, "ನಾನಿನ್ನೂ ಸತ್ತಿಲ್ಲ ಕಣೇ" ಎಂದಿದ್ದಳು. ಆಮೇಲೆ ಓದು, ಹಾರ್ಮೋನಿಯಂ ಕ್ಲಾಸು, ಕೈಯಲ್ಲಿ ಬೆತ್ತ, ಟೀಚರಮ್ಮ ಎಂಬ ಹೆಸರು. ಆ ಏಟನ್ನು ಮರೆತುಬಿಟ್ಟಿದ್ದೆ. ಏಳು ತಿಂಗಳು ಅವಳ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ಹಾಡು ಹಾಡು ಎಂದು ಅವಳ ಬಾಯಿಗೆ ನಾನೇ ಬೀಗ ಹಾಕಿದ್ದೆ. ಅವಳು ಪ್ರತಿ ವಾರ ನನಗೆ ಮರ್ಯಾದೆ ಕೊಡುತ್ತಿದ್ದಳು, ನಾನು ಅದನ್ನು ಹೇಡಿತನ ಎಂದು ತಿದ್ದುತ್ತಿದ್ದೆ.

ಅವಳನ್ನು ಕರೆದು, ನಾನಿದ್ದರೂ ಎತ್ತು, ಅಪ್ಪಣೆ ಕೊಟ್ಟಿದ್ದೇನೆ ಎಂದು ಹೇಳಬಹುದಿತ್ತು. ಹೇಳಿಯೂ ನೋಡಿದೆ. "ಹಂಗೆಲ್ಲ ಅನ್ಬೇಡಿ ಟೀಚರಮ್ಮ, ಬಿಡ್ತು ಅನ್ನಿ" ಎಂದು ಕೆನ್ನೆ ಬಡಿದುಕೊಂಡಳು. ಅರಿಶಿನಕ್ಕೆ ನಾನು ಬಂದೇ ಬರಬೇಕು, ಪಿಸುದನಿಯಲ್ಲಾದರೂ ಸರಿ ನಾನೇ ಎತ್ತಿಕೊಡಬೇಕು ಎಂದು ಮತ್ತೆ ಮಾತು ತೆಗೆದುಕೊಂಡಳು. ಪದ ಎತ್ತುವಷ್ಟು ಪಿಸುದನಿಯೂ ನನ್ನಲ್ಲಿ ಉಳಿದಿರಲಿಲ್ಲ. ಗೌರಿಬಿದನೂರಿನ ನಂತರ ಡಾಕ್ಟರು ಬೈದು, ಒಂದಕ್ಷರವೂ ಎತ್ತಿ ಆಡಕೂಡದು ಎಂದಿದ್ದರು. ನಾನು ಹೋಗಿ ಕೂತರೆ ಅವಳು ಎತ್ತುವುದಿಲ್ಲ, ನನ್ನಿಂದ ಆಗುವುದಿಲ್ಲ, ಡಬ್ಬ ಹಾಡುತ್ತದೆ. ಹೋಗದಿದ್ದರೆ ಕೊಟ್ಟ ಮಾತಿಗೆ ತಪ್ಪಿದ ಹಾಗೆ, ಮಗಳ ಶುಭಕಾರ್ಯಕ್ಕೆ ಬರಲಿಲ್ಲ ಎಂದು ಅವಳು ಜನ್ಮವಿಡೀ ನೆನಪಿಟ್ಟುಕೊಳ್ಳುತ್ತಾಳೆ. ಎರಡು ವಾರ ಇದನ್ನೇ ಮಗುಚಿ ಮಗುಚಿ ಹಾಕಿದೆ. ಕೊನೆಗೆ ಬರುತ್ತೇನೆ ಎಂದೇ ಹೇಳಿದೆ. ಸುಳ್ಳು ಹೇಳಲು ಪಿಸುದನಿ ಸಾಕಾಗುತ್ತದೆ.

ಅರಿಶಿನದ ದಿನ ಬೆಳಿಗ್ಗೆಯೇ ಶಿಡ್ಲಘಟ್ಟಕ್ಕೆ ಬಂದು, ಮೊದಲೇ ಮಾತಾಡಿಕೊಂಡಿದ್ದಂತೆ ಬ್ಲೌಸ್ ಹೊಲಿಯುವವಳ ಮನೆಗೆ ಹೋದೆ. ಮದುವೆಮನೆಯ ಹಿಂದಿನ ಗಲ್ಲಿ ಅದು, ನಡುವೆ ಒಂದು ಗೋಡೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಗೋಡೆ ತುಂಬ ತೂಗುಹಾಕಿದ ಬ್ಲೌಸುಗಳು. ಅವಳು ನನಗೆ ಟೀ ಕೊಟ್ಟು, ಸೆರಗು ಸರಿಮಾಡಿಕೊಂಡು, "ನಾನು ಹೋಗ್ತೀನಿ. ಕೇಳಿದ್ರೆ ಬಸ್ಸು ತಡ ಅಂತೀನಿ. ನೀವು ಮಾತ್ರ ಬಾಗಿಲು ದಾಟ್ಬೇಡಿ" ಎಂದು ಅಧಿಕಾರದಿಂದ ಹೇಳಿ ಹೋದಳು.

ಗೋಡೆಯಾಚೆ ಪಾತ್ರೆಗಳ ಸದ್ದು, ಮಕ್ಕಳ ಅಳು, ಯಾರೋ ಎಣ್ಣೆ ಎಲ್ಲಿ ಎಂದು ಕೂಗಿದ್ದು. ಹುಡುಗಿಯ ತಾಯಿಯ ಧ್ವನಿ ಕೇಳಿಸಿತು: "ಟೀಚರಮ್ಮ ಬಂದ್ರಾ ನೋಡಿ." ಸ್ವಲ್ಪ ಹೊತ್ತಿಗೆ ಮತ್ತೆ: "ಬಂದ್ರಾ?" ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಮಿಷನ್ನಿನ ಮರದ ಅಂಚನ್ನು ಹಿಡಿದುಕೊಂಡು ಕೂತೆ. ಮುಹೂರ್ತ ಮೀರುತ್ತದೆ ಎಂದು ಯಾವುದೋ ಗಂಡಸು ರೇಗಿದ. "ಆ ಸ್ಪೀಕರ್ರಾದ್ರೂ ಹಾಕ್ರಮ್ಮ" ಎಂದು ಇನ್ನೊಬ್ಬಳು. ಡಬ್ಬ ಗರಗರ ಎಂದು ಕೆಮ್ಮಿತು, ಒಂದು ಸಿನಿಮಾ ಹಾಡಿನ ವಾದ್ಯ ಶುರುವಾಯಿತು. ಮುಗಿಯಿತು ಎಂದುಕೊಂಡೆ. ಹೋಗದೆ ತಪ್ಪು ಮಾಡಿದೆ, ಹೋಗಿದ್ದರೂ ತಪ್ಪೇ ಆಗುತ್ತಿತ್ತು, ಇಷ್ಟು ವಯಸ್ಸಾಗಿ ಕಳ್ಳಿಯ ಹಾಗೆ ಬ್ಲೌಸುಗಳ ಮಧ್ಯೆ ಕೂತಿದ್ದೇನೆ ಎಂದು ನನ್ನನ್ನೇ ಬೈದುಕೊಂಡೆ.

ವಾದ್ಯ ಫಕ್ಕನೆ ನಿಂತಿತು. "ಆಫ್ ಮಾಡು ಅದನ್ನ" ಎಂದದ್ದು ಅವಳೇ.

ಆಮೇಲೆ ಎತ್ತಿದಳು. ಉಸಿರು ತೆಗೆದುಕೊಂಡದ್ದೂ ಗೊತ್ತಾಗಲಿಲ್ಲ. ಗೋಡೆಯಾಚೆಯಿಂದ ಆ ತಗ್ಗು ಧ್ವನಿ ನೆಲದಿಂದ ಏಳುವ ಹಾಗೆ ಎದ್ದಿತು, ಒಂಟಿಯಾಗಿ, ಒಂದು ಇಡೀ ಸೊಲ್ಲು. ನಮ್ಮ ಕೂಟದ ಹೆಂಗಸರು ಹಿಂದೆ ಬಂದರು, ಅವರ ಹಿಂದೆ ಬೀದಿಯ ಹೆಂಗಸರು. ಎರಡನೆಯ ಸೊಲ್ಲಿನಲ್ಲಿ ಅವಳು ಎತ್ತರಕ್ಕೆ ಹೋಗಿಬಿಟ್ಟಳು, ಶ್ರುತಿ ಬಿಟ್ಟು ಅರ್ಧ ಮೆಟ್ಟಿಲು ಮೇಲೆ. ನನ್ನ ಕೈ ತಾನಾಗಿ ಎದ್ದು, ಕೆಳಗೆ ಬಾ ಎಂದು ಗಾಳಿಯಲ್ಲಿ ಸನ್ನೆ ಮಾಡಿತು. ಸನ್ನೆ ನೋಡುವವರು ಯಾರೂ ಇರಲಿಲ್ಲ. ಅವರೆಲ್ಲ ಅವಳ ಜೊತೆಗೇ ಮೇಲಕ್ಕೆ ಹೋದರು, ಅಲ್ಲೇ ಹಾಡಿದರು, ನಾನು ಕಲಿಸದ ಒಂದು ತೆಲುಗು ಸೊಲ್ಲನ್ನೂ ಸೇರಿಸಿಕೊಂಡರು. ನನಗೆ ಸಂತೋಷವಾಯಿತು. ಹೊಟ್ಟೆಯೂ ಉರಿಯಿತು. ಎರಡೂ ನಿಜ. ಆರು ವರ್ಷ ನಾನು ಎತ್ತಿದಾಗ ಇವರು ಯಾವತ್ತೂ ಹೀಗೆ ಬಾಯಿಬಿಟ್ಟು ಹಾಡಿರಲಿಲ್ಲ.

ಮಧ್ಯಾಹ್ನ ಅವಳೇ ಬಂದಳು. ಕೈಯಲ್ಲಿ ಒಬ್ಬಟ್ಟಿನ ತಟ್ಟೆ, ಮೊಣಕೈಯವರೆಗೆ ಅರಿಶಿನ. ಬ್ಲೌಸಿನವಳಿಗೆ ಕೊಡಲೆಂದು ಬಂದವಳು ಬಾಗಿಲಲ್ಲಿ ನನ್ನನ್ನು ನೋಡಿ ನಿಂತುಬಿಟ್ಟಳು.

"ಇಲ್ಲೇ ಇದ್ರಾ?"

ತಲೆಯಾಡಿಸಿದೆ.

"ಬರ್ತೀನಿ ಅಂದಿದ್ರಿ. ಮಗಳು ಕೇಳಿದ್ಲು. ಎಷ್ಟ್ ಸಲ ಬಾಗಿಲಿಗೆ ಹೋಗಿ ನೋಡಿದೀನಿ ಗೊತ್ತಾ?" ಎಂದಳು. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. ಅವಳು ನನ್ನ ಮೇಲೆ ಸಿಟ್ಟಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬಂದಿದ್ರೆ ಎತ್ತುತ್ತಿದ್ಯಾ?" ಎಂದು ಉಸುರಿದೆ.

ಅವಳು ಒಳಗೆ ಬಂದಳು. ತಟ್ಟೆಯನ್ನು ಮಿಷನ್ನಿನ ಮೇಲಿಟ್ಟಳು. ಆಮೇಲೆ, "ಎರಡನೇ ಸೊಲ್ಲಲ್ಲಿ ಮೇಲಕ್ಕೆ ಹೋಗ್ಬಿಟ್ಟೆ" ಎಂದಳು.

"ಕೇಳ್ಸ್ತು."

"ನಿಲ್ಲಿಸ್ಲಿಲ್ಲ."

"ಅದೂ ಕೇಳ್ಸ್ತು."

ಅವಳು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಆ ಬಿಳಿಚಿದ ಬೆರಳುಗಳಿಂದ ನನ್ನ ಎರಡೂ ಕೆನ್ನೆಗೆ ಅರಿಶಿನ ಹಚ್ಚಿದಳು. ನಾಳೆ ಛತ್ರಕ್ಕೆ ಬರಲೇಬೇಕು, ಅಲ್ಲಿ ಪದ ಇಲ್ಲ, ವಾಲಗ ಅಷ್ಟೇ ಎಂದಳು. ಎದ್ದು ಬಾಗಿಲವರೆಗೆ ಹೋದವಳು ತಿರುಗಿ, ನನ್ನ ಮುಖ ನೋಡದೆ, ಬಾಗಿಲ ಚೌಕಟ್ಟು ನೋಡಿಕೊಂಡು ಹೇಳಿದಳು:

"ಟೀಚರಮ್ಮ, ಮದುವೆ ಕಳೆದ ಮೇಲೆ, ಭಾನುವಾರ... ನೀವು ಒಂದರ್ಧ ಗಂಟೆ ತಡ ಮಾಡಿ ಬನ್ನಿ. ಅಷ್ಟೊತ್ತಿಗೆ ನಾವು ಶುರು ಮಾಡ್ಕೊಂಡಿರ್ತೀವಿ."

ಆಗಲಿ ಎಂದು ತಲೆಯಾಡಿಸಿದೆ. ಮೂರು ಮುಕ್ಕಾಲರ ಬಸ್ಸಿಗೆ ಹೊರಟರೆ ನಾಲ್ಕೂವರೆಗೆ ಸರಿಹೋಗುತ್ತದೆ.